ಸರಿಯೋ ಬೆಸವೋ: ಪರಮಾಣು ಬೀಜದೊಳಗಿನ ಒಂಟಿ ಕಣದ ಲೆಕ್ಕ

(ಪಲ್ಲಾವರಂನಲ್ಲಿ ಜರುಗಿದ ಸಂಘದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರೆಹ ರೂಪ)



ಕಳೆದ ಯುಗಾದಿಯ ಸಭೆ ಮುಗಿದು ಪಂಕ್ತಿಯಲ್ಲಿ ಕುಳಿತಿದ್ದಾಗ ನಮ್ಮ ಹಿರಿಯ ಸದಸ್ಯರೊಬ್ಬರು ನನ್ನನ್ನು ಕೇಳಿದರು: "ರಾಯರೇ, ಕನ್ನಡ ಹಾಡಿಗೆ ಚೆನ್ನ, ಹಬ್ಬಕ್ಕೆ ಚೆನ್ನ. ನೀವು ಎಂ.ಎಸ್ಸಿ.ಯಲ್ಲಿ ಓದಿದಿರಲ್ಲ, ಆ ಫಿಸಿಕ್ಸನ್ನು ಕನ್ನಡದಲ್ಲಿ ಹೇಳುವುದುಂಟೇ?" ಎಲೆಯ ಮೇಲೆ ಹೋಳಿಗೆ ಇತ್ತು, ಬಾಯಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷ ಕೇಂದ್ರ ಸರ್ಕಾರದ ಕಡತಗಳ ನಡುವೆ ಕಳೆದವನು ನಾನು. ಓದಿದ ಶಾಸ್ತ್ರವನ್ನು ಬಿಟ್ಟು ಬಹಳ ದೂರ ಬಂದಿದ್ದೇನೆ. ಆದರೂ ಆ ಪ್ರಶ್ನೆ ಮನಸ್ಸನ್ನು ಬಿಡಲಿಲ್ಲ. ಇಂದಿನ ಈ ಮಾತುಗಳೇ ಅದಕ್ಕೆ ನನ್ನ ಉತ್ತರ. ಉತ್ತರ ಸರಿಯೋ ಅಲ್ಲವೋ ಎಂಬುದನ್ನು ಕೊನೆಯಲ್ಲಿ ಅವರೇ ಹೇಳಲಿ.

ನಾವೆಲ್ಲ ಚಿಕ್ಕಂದಿನಲ್ಲಿ ಜಗಲಿಯ ಮೇಲೆ ಕುಳಿತು ಹುಣಿಸೆ ಬೀಜಗಳನ್ನು ಮುಷ್ಟಿಯಲ್ಲಿ ಹಿಡಿದು "ಸರಿಯೋ ಬೆಸವೋ" ಎಂದು ಕೇಳುವ ಆಟ ಆಡಿದವರು. ನಮ್ಮ ಬೀದಿಯ ತಮಿಳು ಮಕ್ಕಳು ಅದನ್ನೇ "ಒತ್ತೈಯಾ, ರೆಟ್ಟೈಯಾ" ಎಂದು ಆಡುತ್ತಾರೆ. ಒತ್ತೈ ಎಂದರೆ ನಮ್ಮ ಒಂಟಿ, ರೆಟ್ಟೈ ಎಂದರೆ ನಮ್ಮ ಇರಟಿ, ಇಮ್ಮಡಿ. ಮುಷ್ಟಿ ಬಿಚ್ಚಿ ಎರಡೆರಡಾಗಿ ಜೋಡಿಸುತ್ತ ಬಂದರೆ ಕೊನೆಯಲ್ಲಿ ಒಂದು ಬೀಜ ಉಳಿಯುತ್ತದೆ, ಇಲ್ಲವೇ ಉಳಿಯುವುದಿಲ್ಲ. ಆಟದಲ್ಲಿ ಇದರಿಂದ ಸೋಲು ಗೆಲುವು. ಪ್ರಕೃತಿಯಲ್ಲಿ ಇದೇ ಒಂದು ಭೇದದಿಂದ ಯಾವ ಪದಾರ್ಥ ಉಳಿಯಬೇಕು, ಯಾವುದು ಅಳಿಯಬೇಕು, ಯಾವುದು ಉರಿದು ವಿದ್ಯುತ್ತಾಗಬೇಕು ಎಂಬುದು ತೀರ್ಮಾನವಾಗುತ್ತದೆ.

ಪರಮಾಣುವಿನ ನಡುವೆ ಇರುವ ಬೀಜದಲ್ಲಿ ಪ್ರೋಟಾನು ಮತ್ತು ನ್ಯೂಟ್ರಾನು ಎಂಬ ಎರಡು ಬಗೆಯ ಕಣಗಳಿವೆ. ಇವನ್ನು ಒಟ್ಟಾಗಿ ಬೀಜಕಣಗಳೆನ್ನೋಣ. ಬೀಜವೊಂದರಿಂದ ಒಂದು ನ್ಯೂಟ್ರಾನನ್ನು ಕಿತ್ತು ಹೊರಹಾಕಲು ಎಷ್ಟು ಶಕ್ತಿ ಬೇಕೆಂಬುದನ್ನು ಪ್ರಯೋಗಶಾಲೆಯಲ್ಲಿ ಅಳೆಯಬಹುದು. ಅಳತೆಯ ಮಾನ ದಶಲಕ್ಷ ಎಲೆಕ್ಟ್ರಾನ್ ವೋಲ್ಟ್. ಮುಂದೆ ಇದನ್ನು ಎಂಇವಿ ಎಂದು ಕರೆಯುತ್ತೇನೆ. ನಾವು ವೀಳ್ಯದೆಲೆಗೆ ಹಚ್ಚುವ ಸುಣ್ಣದಲ್ಲಿರುವ ಕ್ಯಾಲ್ಸಿಯಂ ಅನ್ನೇ ತೆಗೆದುಕೊಳ್ಳಿ. ಅದರಲ್ಲಿ 20 ಪ್ರೋಟಾನುಗಳು. ನ್ಯೂಟ್ರಾನುಗಳ ಸಂಖ್ಯೆ ಮಾತ್ರ ಬೇರೆ ಬೇರೆಯಾಗಿರಬಹುದು. 21ನೆಯ ನ್ಯೂಟ್ರಾನನ್ನು ಕೀಳಲು 8.4 ಎಂಇವಿ ಬೇಕು, 22ನೆಯದಕ್ಕೆ 11.5, 23ನೆಯದಕ್ಕೆ 7.9, 24ನೆಯದಕ್ಕೆ 11.1, 25ನೆಯದಕ್ಕೆ 7.4, 26ನೆಯದಕ್ಕೆ 10.4. ಗರಗಸದ ಹಲ್ಲಿನಂತೆ ಏರುತ್ತ ಇಳಿಯುತ್ತ ಹೋಗುವ ಈ ಸಾಲನ್ನು ಗಮನಿಸಿ. ಜೊತೆಯಿರುವ ನ್ಯೂಟ್ರಾನು ಗಟ್ಟಿಯಾಗಿ ಕುಳಿತಿದೆ, ಒಂಟಿಯಾದದ್ದು ಸಡಿಲವಾಗಿದೆ. ಒಂದೇ ಒಂದು ಕಣ ಜೋಡಿಯಾದರೆ ಸುಮಾರು 3 ಎಂಇವಿಯ ವ್ಯತ್ಯಾಸ. ಬೀಜ ದೊಡ್ಡದಾದಂತೆ ಈ ವ್ಯತ್ಯಾಸ ಕಿರಿದಾಗುತ್ತದೆ, ಆದರೆ ಎಂದಿಗೂ ಅಳಿಸಿಹೋಗುವುದಿಲ್ಲ.

ಇದರ ಫಲವನ್ನು ನಮ್ಮ ಪಲ್ಲಾವರಂ ಬೆಟ್ಟದಲ್ಲಿಯೇ ಕಾಣಬಹುದು. 1863ರ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಗೆ ಶಿಲಾಯುಗದ ಕೊಡಲಿ ಸಿಕ್ಕಿದ್ದು ಇದೇ ಊರಿನ ಜಲ್ಲಿ ಗುಂಡಿಯಲ್ಲಿ. ನಮ್ಮ ದೇಶದ ಇತಿಹಾಸಪೂರ್ವ ಅಧ್ಯಯನ ಅಲ್ಲಿಂದ ಮೊದಲಾಯಿತು. ಆ ಕೊಡಲಿಗಿಂತ ಎಷ್ಟೋ ಹಳೆಯದು ಬೆಟ್ಟದ ಬಂಡೆ. ಅದರ ಹೆಸರು ಚಾರ್ನೊಕೈಟ್. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕನ ಗೋರಿಯ ಕಲ್ಲು ಇದೇ ಜಾತಿಯದೆಂದು ಗುರುತಿಸಿ ಥಾಮಸ್ ಹಾಲೆಂಡ್ ಈ ಹೆಸರಿಟ್ಟನು. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಈ ಬಂಡೆಯಲ್ಲಿ ಪೊಟಾಸಿಯಂ ಇದೆ. ಅದರಲ್ಲಿ ಹತ್ತು ಸಾವಿರಕ್ಕೆ ಒಂದರಂತೆ ಪೊಟಾಸಿಯಂ-40. ಅದರೊಳಗೆ 19 ಪ್ರೋಟಾನು, 21 ನ್ಯೂಟ್ರಾನು, ಎರಡೂ ಬೆಸ. ಇಂಥ ಬೀಜಕ್ಕೆ ನೆಮ್ಮದಿಯಿಲ್ಲ. 125 ಕೋಟಿ ವರ್ಷಕ್ಕೆ ಅದು ಅರ್ಧಕ್ಕರ್ಧ ಕರಗುತ್ತದೆ. ಕರಗಿ ಕ್ಯಾಲ್ಸಿಯಂ-40 ಇಲ್ಲವೇ ಆರ್ಗಾನ್-40 ಆಗುತ್ತದೆ. ಈ ಎರಡರಲ್ಲಿಯೂ ಪ್ರೋಟಾನು ಸರಿ, ನ್ಯೂಟ್ರಾನೂ ಸರಿ. ಬಂಡೆ ಹುಟ್ಟಿದಾಗ ಇದ್ದ ಪೊಟಾಸಿಯಂ-40ರಲ್ಲಿ ಈಗ ನಾಲ್ಕನೆಯ ಒಂದು ಪಾಲು ಮಾತ್ರ ಉಳಿದಿದೆ. ಪ್ರೋಟಾನು ನ್ಯೂಟ್ರಾನು ಎರಡೂ ಬೆಸವಾಗಿದ್ದು ಸ್ಥಿರವಾಗಿ ನಿಂತ ಹಗುರ ಬೀಜಗಳು ನಾಲ್ಕೇ: ಡ್ಯೂಟೀರಿಯಂ, ಲಿಥಿಯಂ-6, ಬೋರಾನ್-10, ನೈಟ್ರೋಜನ್-14.

ಈ ಲೆಕ್ಕವನ್ನು ಸಿದ್ಧಾಂತಕ್ಕೆ ಇಳಿಸುವುದು ಹೇಗೆ? 1935ರಲ್ಲಿ ಜರ್ಮನಿಯ ವೈಸೆಕರ್ ಬೀಜವನ್ನು ಒಂದು ದ್ರವದ ಹನಿಯೆಂದು ಭಾವಿಸಿ ಸೂತ್ರವೊಂದನ್ನು ಕೊಟ್ಟನು. ಹನಿಯ ಗಾತ್ರಕ್ಕೆ ಇಷ್ಟು, ಮೈಗೆ ಇಷ್ಟು, ಪ್ರೋಟಾನುಗಳ ಪರಸ್ಪರ ವಿಕರ್ಷಣೆಗೆ ಇಷ್ಟು, ಎರಡು ಬಗೆಯ ಕಣಗಳ ಸಂಖ್ಯೆಯ ಅಂತರಕ್ಕೆ ಇಷ್ಟು ಎಂದು ಕೂಡಿ ಕಳೆದರೆ ಬೀಜದ ಬಂಧನ ಶಕ್ತಿ ಬರುತ್ತದೆ. ಕೊನೆಯಲ್ಲಿ ಒಂದು ಚಿಕ್ಕ ಪದ: ಎರಡೂ ಸರಿಯಾದರೆ ಕೂಡಿಸಿ, ಎರಡೂ ಬೆಸವಾದರೆ ಕಳೆಯಿರಿ, ಒಂದು ಮಾತ್ರ ಬೆಸವಾದರೆ ಸುಮ್ಮನಿರಿ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಅದು ನಿಯಮವಲ್ಲ, ನಿಯಮಕ್ಕೆ ಲಗತ್ತಿಸಿದ ಟಿಪ್ಪಣಿ. ಏಕೆ ಹೀಗೆ ಎಂಬುದನ್ನು ಅದು ಹೇಳುತ್ತಿರಲಿಲ್ಲ.

1949ರಲ್ಲಿ ಮರಿಯಾ ಗೋಪರ್ಟ್ ಮೇಯರ್ ಅಮೆರಿಕದಲ್ಲಿಯೂ ಯೆನ್ಸನ್ ಮತ್ತು ಅವನ ಸಂಗಡಿಗರು ಜರ್ಮನಿಯಲ್ಲಿಯೂ ಪ್ರತ್ಯೇಕವಾಗಿ ಕವಚ ಮಾದರಿಯನ್ನು ನಿಲ್ಲಿಸಿದರು. ಬೀಜದೊಳಗೂ ಕಣಗಳಿಗೆ ಗೊತ್ತಾದ ಕಕ್ಷೆಗಳಿವೆ. ದೇವಸ್ಥಾನದಲ್ಲಿ ಗರ್ಭಗುಡಿಯ ಸುತ್ತ ಪ್ರದಕ್ಷಿಣೆ ಬರುತ್ತ, ಜೊತೆಗೆ ನಿಂತ ನಿಲುವಿನಲ್ಲಿ ಆತ್ಮಪ್ರದಕ್ಷಿಣೆಯನ್ನೂ ಮಾಡುವ ಭಕ್ತನನ್ನು ಊಹಿಸಿಕೊಳ್ಳಿ. ಎರಡು ಸುತ್ತುಗಳೂ ಒಂದೇ ದಿಕ್ಕಿನವಾದರೆ ಕಣದ ಶಕ್ತಿ ತಗ್ಗುತ್ತದೆ, ವಿರುದ್ಧವಾದರೆ ಏರುತ್ತದೆ. ಈ ಒಂದು ಅಂಶವನ್ನು ಸೇರಿಸಿದೊಡನೆ ಕಗ್ಗಂಟು ಬಿಚ್ಚಿತು. ಒಂದೇ ಕಕ್ಷೆಯಲ್ಲಿ ಎದುರುಬದುರಾಗಿ ಸುತ್ತುವ ಎರಡು ಕಣಗಳು ಜೋಡಿಯಾಗಿ ಒಂದರ ಗಿರಕಿಯನ್ನು ಇನ್ನೊಂದು ಅಳಿಸುತ್ತವೆ. ಆದುದರಿಂದ ಎರಡೂ ಸರಿಯಾಗಿರುವ ಬೀಜದ ಒಟ್ಟು ಗಿರಕಿ ನೆಲಸ್ಥಿತಿಯಲ್ಲಿ ಸೊನ್ನೆ. ಈ ನಿಯಮಕ್ಕೆ ಅಪವಾದವೇ ಇಲ್ಲ. ಒಂದು ಕಣ ಬೆಸವಾದರೆ ಆ ಒಂಟಿ ಕಣದ ಗಿರಕಿಯೇ ಇಡೀ ಬೀಜದ ಗಿರಕಿ. ಆಸ್ಪತ್ರೆಯ ಎಂ.ಆರ್.ಐ. ಯಂತ್ರ ನಮ್ಮ ದೇಹದಲ್ಲಿ ಕಾಣುವುದು ಹೈಡ್ರೋಜನ್ನಿನ ಒಂಟಿ ಪ್ರೋಟಾನನ್ನು. ಸರಿಸಂಖ್ಯೆಯ ಕಾರ್ಬನ್-12, ಆಕ್ಸಿಜನ್-16 ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಇಲ್ಲಿ ನನ್ನ ಸೋಲಿನ ಕಥೆಯೊಂದನ್ನು ಹೇಳಬೇಕು. ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಸೆಮಿನಾರಿನಲ್ಲಿ ಈ ಮಾದರಿಯನ್ನು ವಿವರಿಸುವ ಸರದಿ ನನ್ನದಾಯಿತು. ಆಕ್ಸಿಜನ್-17ರ ಗಿರಕಿ ಐದರ ಅರ್ಧ ಎಂದೆ. ಕೋಷ್ಟಕದಲ್ಲಿಯೂ ಅದೇ ಇತ್ತು. ಕ್ಯಾಲ್ಸಿಯಂ-43ಕ್ಕೆ ಏಳರ ಅರ್ಧ ಎಂದೆ, ಅದೂ ಸರಿಹೋಯಿತು. ಉತ್ಸಾಹ ಉಕ್ಕಿ ಫ್ಲೋರೀನ್-19ಕ್ಕೂ ಐದರ ಅರ್ಧ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಅಧ್ಯಾಪಕರು ಮೆಲ್ಲಗೆ, "ಕೋಷ್ಟಕ ನೋಡಿದೆಯೇನಪ್ಪ?" ಎಂದರು. ಅಲ್ಲಿದ್ದುದು ಒಂದರ ಅರ್ಧ. ಸೋಡಿಯಂ-23ಕ್ಕೂ ನನ್ನ ಲೆಕ್ಕದಲ್ಲಿ ಐದರ ಅರ್ಧ, ಪ್ರಕೃತಿಯಲ್ಲಿ ಮೂರರ ಅರ್ಧ. ಕೋಲಾರ, ಪಾವಗಡದ ಬಾವಿಯ ನೀರಿನಲ್ಲಿರುವ ಫ್ಲೋರೀನು, ಕೇಳಂಬಾಕ್ಕಂ ಗದ್ದೆಯ ಉಪ್ಪಿನಲ್ಲಿರುವ ಸೋಡಿಯಂ, ನಮ್ಮ ನಿತ್ಯದ ಈ ಎರಡು ವಸ್ತುಗಳೇ ನನ್ನ ಮಾತನ್ನು ಕೇಳಲಿಲ್ಲ. ಅವಮಾನದಿಂದ ಮುಖ ಬಾಡಿತು. ಅಧ್ಯಾಪಕರು ಹೇಳಿದರು: "ತಪ್ಪಿದ್ದು ಒಳ್ಳೆಯದಾಯಿತು. ಇನ್ನು ಮುಂದಿನ ಅಧ್ಯಾಯ ಓದು."

ಆ ಮುಂದಿನ ಅಧ್ಯಾಯವೇ ಇಂದಿನ ವಿಷಯದ ತಿರುಳು. ಹರಿಗೋಲಿನ ಒಂದು ಬದಿಗೆ ಒಬ್ಬನೇ ಕುಳಿತರೆ ಹರಿಗೋಲು ವಾಲುತ್ತದಲ್ಲವೇ? 1950ರಲ್ಲಿ ರೈನ್‌ವಾಟರ್ ಇದನ್ನೇ ಹೇಳಿದನು. ಒಂಟಿ ಕಣ ಮಿಕ್ಕ ಬೀಜದ ಮೇಲೆ ಸುಮ್ಮನೆ ತೇಲುತ್ತಿರುವುದಿಲ್ಲ. ಅದು ಬೀಜದ ಆಕಾರವನ್ನೇ ಎಳೆದು ಬಾಗಿಸುತ್ತದೆ. ಆಗೆ ಬೋರ್ ಮತ್ತು ಮೊಟೆಲ್ಸನ್ ಇದನ್ನು ಬೆಳೆಸಿದರು. ಮೂವರಿಗೂ 1975ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1955ರಲ್ಲಿ ಸ್ವೀಡನ್ನಿನ ನಿಲ್ಸನ್, ದುಂಡಲ್ಲದ ಬೀಜದಲ್ಲಿ ಕಕ್ಷೆಗಳು ಹೇಗೆ ಸೀಳಿ ಮೇಲೆ ಕೆಳಗಾಗುತ್ತವೆ ಎಂಬುದನ್ನು ಲೆಕ್ಕ ಹಾಕಿ ಚಿತ್ರ ಬರೆದನು. ಆ ಚಿತ್ರದಲ್ಲಿ ನೋಡಿದರೆ ಫ್ಲೋರೀನಿನ ಒಂಬತ್ತನೆಯ ಪ್ರೋಟಾನಿಗೆ ಒಂದರ ಅರ್ಧವೇ ಸಿಗುತ್ತದೆ, ಸೋಡಿಯಂನ ಹನ್ನೊಂದನೆಯದಕ್ಕೆ ಮೂರರ ಅರ್ಧವೇ ಸಿಗುತ್ತದೆ. ಆ ಬೀಜಗಳು ಕಡಲೆಕಾಯಿಯ ಕಡೆಗೆ ವಾಲಿದವು. ಅವನ್ನು ಹುಣಿಸೆಹಣ್ಣಿನ ಉಂಡೆಯಂತೆ ದುಂಡಗೆ ಭಾವಿಸಿದ್ದೇ ನನ್ನ ತಪ್ಪು.

ಇಷ್ಟರಿಂದಲೇ ಮುಗಿಯಲಿಲ್ಲ. 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಎಂಬುವರು ಅತಿವಾಹಕ ಲೋಹಗಳಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಚಲಿಸುತ್ತವೆಂದು ತೋರಿಸಿದರು. ಮರುವರ್ಷವೇ ಬೋರ್, ಮೊಟೆಲ್ಸನ್, ಪೈನ್ಸ್ ಮೂವರೂ ಪರಮಾಣು ಬೀಜದಲ್ಲಿಯೂ ಅಂಥದೇ ಜೋಡಿಗೂಡಿಕೆ ಇದೆಯೆಂದು ಸೂಚಿಸಿದರು. ಜೋಡಿಗಳು ಒಂದೇ ಕಕ್ಷೆಗೆ ಅಂಟಿಕೊಂಡಿರುವುದಿಲ್ಲ. ಹತ್ತಿರದ ಖಾಲಿ ಕಕ್ಷೆಗಳಿಗೆ ಜೊತೆಯಾಗಿಯೇ ಹಾರುತ್ತವೆ, ಮರಳುತ್ತವೆ. ಈ ಓಡಾಟದಿಂದಲೇ ಬೀಜಕ್ಕೆ ಹೆಚ್ಚಿನ ಬಂಧನ.

ಇನ್ನು ಒಂಟಿ ಕಣ ಬಂದರೆ ಏನಾಗುತ್ತದೆ? ಪಲ್ಲಾವರಂನಲ್ಲಿ ಹತ್ತಿ ಬೀಚ್ ನಿಲ್ದಾಣದವರೆಗೆ ಹೋಗುವ ನಮ್ಮ ಲೋಕಲ್ ಗಾಡಿಯನ್ನು ನೆನೆದುಕೊಳ್ಳಿ. ಎಲ್ಲವೂ ಇಬ್ಬರು ಕೂರುವ ಸೀಟುಗಳು ಎಂದಿಟ್ಟುಕೊಳ್ಳಿ. ದಂಪತಿಗಳು ಮಾತ್ರ ಹತ್ತಿದ್ದರೆ ಯಾವ ಜೋಡಿಯಾದರೂ ಯಾವ ಖಾಲಿ ಸೀಟಿಗಾದರೂ ಎದ್ದು ಹೋಗಿ ಕೂರಬಹುದು. ಒಬ್ಬನೇ ಬಂದವನು ಒಂದು ಸೀಟಿನಲ್ಲಿ ಕುಳಿತನೆನ್ನಿ. ಅಲ್ಲಿ ಇನ್ನೊಬ್ಬರಿಗೆ ಜಾಗವಿದೆ, ಆದರೆ ದಂಪತಿಗಳಿಗೆ ಇಲ್ಲ. ಅವನು ಯಾರನ್ನೂ ತಳ್ಳಲಿಲ್ಲ, ಬೈಯಲಿಲ್ಲ. ಕುಳಿತದ್ದರಿಂದಲೇ ಒಂದು ಸೀಟು ಎಲ್ಲ ಜೋಡಿಗಳಿಗೂ ಇಲ್ಲವಾಯಿತು. ಸಿದ್ಧಾಂತಿಗಳು ಇದನ್ನು ತಡೆ ಎಂದೇ ಕರೆಯುತ್ತಾರೆ. ಇದರಿಂದ ಇಡೀ ಬೀಜದ ಜೋಡಿಗೂಡಿಕೆಯ ಬಲ ಕುಂದುತ್ತದೆ.

ಲೆಕ್ಕ ಹಾಕುವವನ ಕಷ್ಟ ಆರಂಭವಾಗುವುದು ಇಲ್ಲಿಂದ. ಎಲ್ಲವೂ ಸರಿಯಾಗಿದ್ದರೆ ನೆಲಸ್ಥಿತಿಗೆ ಒಂದು ಲೆಕ್ಕ ಸಾಕು. ಬೆಸವಾದರೆ ಒಂಟಿ ಕಣ ಯಾವ ಸೀಟಿನಲ್ಲಿ ಕುಳಿತಿದೆಯೆಂದು ಮುಂಚಿತವಾಗಿ ತಿಳಿಯದು. ಒಂದೊಂದು ಸೀಟಿನಲ್ಲಿಯೂ ಕೂರಿಸಿ, ಪ್ರತಿಸಲವೂ ಆಕಾರವನ್ನೂ ಜೋಡಿಗಳನ್ನೂ ಹೊಸದಾಗಿ ಹೊಂದಿಸಿ, ಬಂದ ಶಕ್ತಿಗಳಲ್ಲಿ ಯಾವುದು ಕಡಿಮೆಯೋ ಅದನ್ನು ಆರಿಸಬೇಕು. ಇದರ ಜೊತೆಗೆ ಒಂಟಿ ಕಣ ಒಂದೇ ದಿಕ್ಕಿನಲ್ಲಿ ಸುತ್ತುವುದರಿಂದ ಬೀಜದೊಳಗೆ ಒಂದು ಹರಿವು ಏಳುತ್ತದೆ. ಸರಿಸಂಖ್ಯೆಯ ಬೀಜದಲ್ಲಿ ಒಂದನ್ನೊಂದು ಅಳಿಸಿ ಸೊನ್ನೆಯಾಗುತ್ತಿದ್ದ ಪದಗಳೆಲ್ಲ ಈಗ ಲೆಕ್ಕಕ್ಕೆ ಬರುತ್ತವೆ. ಆದುದರಿಂದಲೇ ಸಿದ್ಧಾಂತಿಗಳು ಹಲವೊಮ್ಮೆ ಸರಿ ಬೀಜಗಳ ಕೋಷ್ಟಕವನ್ನು ಮೊದಲು ಮುಗಿಸಿ ಬೆಸ ಬೀಜಗಳನ್ನು ಮುಂದಿನ ಲೇಖನಕ್ಕೆ ಬಿಡುತ್ತಾರೆ. ಕಠಿಣವಾದ ಕಡತವನ್ನು ಮೇಜಿನ ಕೆಳಗಿನ ಅರೆಗೆ ಸರಿಸುವ ಅಭ್ಯಾಸ ಕಚೇರಿಗಳಿಗೆ ಮಾತ್ರ ಮೀಸಲಲ್ಲ.

ಮಿತ್ರರೇ, ಇದೆಲ್ಲ ಪಂಡಿತರ ಹಗಲುಗನಸಲ್ಲ. ಯುರೇನಿಯಂನ ಎರಡು ಬಗೆಗಳನ್ನು ನೋಡಿ. ಗಣಿಯಿಂದ ಬಂದ ಸಾವಿರ ಪರಮಾಣುಗಳಲ್ಲಿ ಏಳು ಯುರೇನಿಯಂ-235, ಮಿಕ್ಕವೆಲ್ಲ ಬಹುತೇಕ ಯುರೇನಿಯಂ-238. ಎರಡರಲ್ಲಿಯೂ 92 ಪ್ರೋಟಾನು. ಮೊದಲಿನದರಲ್ಲಿ 143 ನ್ಯೂಟ್ರಾನು, ಬೆಸ. ಎರಡನೆಯದರಲ್ಲಿ 146, ಸರಿ. ನಿಧಾನವಾದ ನ್ಯೂಟ್ರಾನೊಂದು 235ರೊಳಗೆ ಹೊಕ್ಕರೆ ಅಲ್ಲಿ ಒಂಟಿಯಾಗಿದ್ದುದಕ್ಕೆ ಜೊತೆ ಸಿಕ್ಕಿ 6.5 ಎಂಇವಿ ಶಕ್ತಿ ಬಿಡುಗಡೆಯಾಗುತ್ತದೆ. 238ರೊಳಗೆ ಹೊಕ್ಕರೆ ಅದೇ ಒಂಟಿಯಾಗಿ ಉಳಿದು 4.8 ಎಂಇವಿ ಮಾತ್ರ ಬರುತ್ತದೆ. ಬೀಜ ಇಬ್ಭಾಗವಾಗಲು ದಾಟಬೇಕಾದ ದಿಣ್ಣೆ ಸುಮಾರು 6 ಎಂಇವಿಯ ಆಸುಪಾಸಿನದು. ಒಂದು ದಾಟಿತು, ಇನ್ನೊಂದು ದಾಟಲಿಲ್ಲ. 1939ರ ಆದಿಯಲ್ಲಿಯೇ ನೀಲ್ಸ್ ಬೋರ್ ಇದನ್ನು ಗ್ರಹಿಸಿದ್ದನು. ಮುಂದಿನ ಚರಿತ್ರೆ, ಹಿರೋಷಿಮಾ ಮೊದಲುಗೊಂಡು ಕೈಗಾದವರೆಗೆ, ಈ ಒಂದೂಮುಕ್ಕಾಲು ಎಂಇವಿಯೊಳಗೆ ಅಡಗಿತ್ತು.

ಈ ಚರಿತ್ರೆಯಲ್ಲಿ ನಮ್ಮವರೂ ಇದ್ದಾರೆ. 1925ರಲ್ಲಿ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಪದವಿಗಾಗಿ ಓದಿದ್ದು ನಮ್ಮ ಪಕ್ಕದ ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಅಲ್ಲಿಂದ ಮದರಾಸಿಗೆ ರೈಲಿನಲ್ಲಿ ಬರಬೇಕಾದರೆ ಪಲ್ಲಾವರಂ ದಾಟಿಯೇ ಬರಬೇಕು. ಭೌತವಿಜ್ಞಾನಿ, ಪಿಯಾನೊ ವಾದಕ. ಟ್ರಾಂಬೆಯಲ್ಲಿ ಅವರು ತಮ್ಮ ಸಂಗಡಿಗರೊಡನೆ ಬೀಜ ವಿದಳನವನ್ನೇ ಅಧ್ಯಯನಕ್ಕೆ ಆರಿಸಿಕೊಂಡರು. 1974ರ ಮೇ 18ರ ಪೋಖ್ರಾನ್ ಪ್ರಯೋಗದ ಮುಂಚೂಣಿಯಲ್ಲಿದ್ದವರು ಅವರು. ಅಲ್ಲಿ ಬಳಸಿದ ಪ್ಲುಟೋನಿಯಂ-239ರಲ್ಲಿಯೂ 145 ನ್ಯೂಟ್ರಾನುಗಳು, ಬೆಸವೇ. ಇನ್ನೊಂದು ಕಡೆ, ವಿಜ್ಞಾನ ಪ್ರಪಂಚವೆಂಬ ಸಂಪುಟಗಳನ್ನು ಕನ್ನಡದಲ್ಲಿ ಬರೆದುಕೊಟ್ಟ ಶಿವರಾಮ ಕಾರಂತರು ಕೈಗಾ ಸ್ಥಾವರವನ್ನು ವಿರೋಧಿಸಿದರು. 1989ರ ಲೋಕಸಭಾ ಚುನಾವಣೆಯಲ್ಲಿ ಅದೇ ಸೀಮೆಯಿಂದ ನಿಂತು ಸೋತರು. 1994ರಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರ ಕುಸಿಯಿತು. ಮುಂದೆ ಅದೇ ಸ್ಥಾವರದ ಒಂದನೆಯ ಘಟಕ 2018ರ ಕೊನೆಯ ದಿನದವರೆಗೆ 962 ದಿನ ನಿಲ್ಲದೆ ನಡೆದು ದಾಖಲೆ ಮಾಡಿತು. ಒಬ್ಬರನ್ನು ಹೊಗಳಲು ಇನ್ನೊಬ್ಬರನ್ನು ಜರೆಯಬೇಕೆಂದು ನನಗೆ ಅನ್ನಿಸುವುದಿಲ್ಲ. ಕಾರಂತರ ವಿರೋಧಕ್ಕೆ ತೂಕ ಬಂದದ್ದು ಅವರು ವಿಷಯವನ್ನು ತಿಳಿದು, ತಿಳಿದುದನ್ನು ಜನರ ಮಾತಿನಲ್ಲಿ ಹೇಳಬಲ್ಲವರಾಗಿದ್ದುದರಿಂದ.

ನಮ್ಮಿಂದ ದಕ್ಷಿಣಕ್ಕೆ ಕಡಲ ದಂಡೆಯ ಕಲ್ಪಾಕ್ಕಂನಲ್ಲಿ ಇದೇ ಲೆಕ್ಕದ ಮುಂದುವರಿಕೆ ನಡೆದಿದೆ. ಕೇರಳ, ಕನ್ಯಾಕುಮಾರಿಯ ಮರಳಿನಲ್ಲಿ ಥೋರಿಯಂ ಹೇರಳ. ಆದರೆ ಥೋರಿಯಂ-232ರಲ್ಲಿ 142 ನ್ಯೂಟ್ರಾನು, ಸರಿ. ನಿಧಾನವಾದ ನ್ಯೂಟ್ರಾನಿಗೆ ಅದು ಒಡೆಯುವುದಿಲ್ಲ. ಒಂದು ನ್ಯೂಟ್ರಾನು ನುಂಗಿ, ಎರಡು ಮಾರ್ಪಾಡುಗಳನ್ನು ದಾಟಿ ಅದು ಯುರೇನಿಯಂ-233 ಆದರೆ ನ್ಯೂಟ್ರಾನು 141, ಬೆಸ, ಆಗ ಒಡೆಯುತ್ತದೆ. ಹೋಮಿ ಭಾಭಾ ಅವರು ಹಾಕಿದ ಮೂರು ಹಂತದ ಯೋಜನೆಯ ಕೊನೆಯ ಹಂತವೆಂದರೆ ಈ ಸರಿಯನ್ನು ಬೆಸವಾಗಿಸುವ ಕೆಲಸವೇ. 1996ರಲ್ಲಿ ಕಲ್ಪಾಕ್ಕಂನಲ್ಲಿ ಕೆಲಸ ಆರಂಭಿಸಿದ ಕಾಮಿನಿ ಎಂಬ 30 ಕಿಲೋವಾಟ್‌ಗಳ ಪುಟ್ಟ ಸ್ಥಾವರದ ಇಂಧನ ಯುರೇನಿಯಂ-233. ಅಲ್ಲಿಯೇ ಕಟ್ಟಿದ 500 ಮೆಗಾವಾಟ್‌ನ ವೇಗದ ಸ್ಥಾವರದ ತಿರುಳನ್ನು (ಕೋರ್) 2024ರ ಮಾರ್ಚಿಯಲ್ಲಿ ತುಂಬಲಾರಂಭಿಸಿದರು. ದಾರಿ ಉದ್ದವಾಗಿದೆ, ನಿರೀಕ್ಷೆಗಿಂತ ಬಹಳ ತಡವೂ ಆಗಿದೆ.

ಸಿದ್ಧಾಂತ ಈಗ ಎಲ್ಲಿಗೆ ಬಂದಿದೆ? ಯುರೇನಿಯಂ-238ರ ಒಟ್ಟು ಬಂಧನ ಶಕ್ತಿ ಸುಮಾರು 1,800 ಎಂಇವಿ. ಇಂದಿನ ಒಳ್ಳೆಯ ಮಾದರಿಗಳು ಬೀಜಗಳ ಶಕ್ತಿಯನ್ನು ಅರ್ಧ ಎಂಇವಿಯಷ್ಟು ತಪ್ಪಿನೊಳಗೆ ಹೇಳಬಲ್ಲವು. ನೂರು ರೂಪಾಯಿಗೆ ಮೂರು ಪೈಸೆಯಷ್ಟು ತಪ್ಪು. ಯಾವ ಲೆಕ್ಕ ಪರಿಶೋಧಕರೂ ಆಕ್ಷೇಪಿಸಲಾರರು. ಆದರೆ ಯುರೇನಿಯಂ-233 ಕ್ಷಯಿಸಿದಾಗ ಹುಟ್ಟುವ ಥೋರಿಯಂ-229 ಎಂಬ ಬೆಸ ಬೀಜ ಈ ಹೆಮ್ಮೆಯನ್ನು ಇಳಿಸುತ್ತದೆ. ಅದರ 139 ನ್ಯೂಟ್ರಾನುಗಳಲ್ಲಿ ಒಂಟಿಯಾದುದಕ್ಕೆ ಕೂರಲು ಎರಡು ಸೀಟುಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ಅಂತರ 8.4 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಎಂಇವಿ ಅಲ್ಲ, ಬರಿಯ ಎಲೆಕ್ಟ್ರಾನ್ ವೋಲ್ಟ್. ಬೀಜದ ಒಟ್ಟು ಶಕ್ತಿಯ ಇಪ್ಪತ್ತು ಕೋಟಿಯಲ್ಲಿ ಒಂದು ಪಾಲು! 2024ರಲ್ಲಿ ವಿಜ್ಞಾನಿಗಳು ಲೇಸರ್ ಬೆಳಕಿನಿಂದ ಅದನ್ನು ಒಂದು ಸೀಟಿನಿಂದ ಇನ್ನೊಂದಕ್ಕೆ ಎಬ್ಬಿಸಿ ಕೂರಿಸಿದರು. ಇದರಿಂದ ಇಂದಿನ ಗಡಿಯಾರಗಳನ್ನು ಮೀರಿಸುವ ಗಡಿಯಾರ ಕಟ್ಟುವ ಆಸೆಯಿದೆ. ಈ 8.4ನ್ನು ಮುಂಚಿತವಾಗಿ ಹೇಳಬಲ್ಲ ಮಾದರಿ ಇರಲಿಲ್ಲ. ಮೊದಲು ಅಳತೆ ಬಂತು, ಲೆಕ್ಕ ಹಿಂದೆ ಉಳಿಯಿತು.

ಕೊನೆಯದಾಗಿ ಒಂದು ಮಾತು. ಈ ವಿಷಯವನ್ನು ತಿಳಿಸಿದಾಗ ಮಿತ್ರರೊಬ್ಬರು, "ಹೊರನಾಡಿನ ಕನ್ನಡಿಗನೂ ಆ ಬೆಸ ಕಣದಂತೆಯೇ ಅಲ್ಲವೇ? ಚೆನ್ನಾದ ಹೋಲಿಕೆ" ಎಂದರು. ಹೋಲಿಕೆ ನನಗೂ ಮೊದಲು ರುಚಿಸಿತು. ಯೋಚಿಸಿದ ಮೇಲೆ ಹಿಂದೆಗೆದೆ. ಬೀಜದೊಳಗಿನ 143 ನ್ಯೂಟ್ರಾನುಗಳಲ್ಲಿ ಒಂಟಿ ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಎಲ್ಲವೂ ಒಂದೇ ರೂಪದವು. ಇದೇ ಒಂಟಿ ಎಂದು ಬೊಟ್ಟು ಮಾಡಲು ಪ್ರಕೃತಿಯೇ ಬಿಡುವುದಿಲ್ಲ. ಒಂಟಿತನ ಯಾವ ಒಂದು ಕಣದ ಗುಣವೂ ಅಲ್ಲ, ಒಟ್ಟು ಎಣಿಕೆಯ ಗುಣ. ಮನುಷ್ಯರು ಮಾತ್ರ "ಇವನೇ ಬೆಸ" ಎಂದು ಒಬ್ಬನನ್ನು ಎತ್ತಿ ತೋರಿಸುತ್ತಾರೆ. ಈ ಊರಿನಲ್ಲಿ ನಮ್ಮನ್ನು ಯಾರಾದರೂ ಹಾಗೆ ತೋರಿಸಿದರೂ, ನಮ್ಮೂರಿನಲ್ಲಿ ನಾವು ಇನ್ನೊಬ್ಬರನ್ನು ಹಾಗೆ ತೋರಿಸಿದರೂ, ಪರಮಾಣು ಬೀಜದ ಸಾಕ್ಷಿ ಅದರ ಪರವಾಗಿಲ್ಲ.

ಯುಗಾದಿಯಂದು ಪ್ರಶ್ನೆ ಕೇಳಿದ ಹಿರಿಯರು ಮುಂದಿನ ಸಾಲಿನಲ್ಲಿಯೇ ಇದ್ದಾರೆ. ಸ್ವಾಮಿ, ಇಷ್ಟು ಹೊತ್ತು ಆಡಿದ್ದು ಕನ್ನಡವೇ, ಹೇಳಿದ್ದು ಫಿಸಿಕ್ಸೇ. ಮನೆಗೆ ಹೋದ ಮೇಲೆ ಮೊಮ್ಮಕ್ಕಳ ಮುಂದೆ ಒಂದು ಹಿಡಿ ಹುಣಿಸೆ ಬೀಜ ಹಿಡಿದು "ಸರಿಯೋ ಬೆಸವೋ" ಎಂದು ಕೇಳಿ. ಉತ್ತರ ಬಂದ ಮೇಲೆ, "ಹೀಗೆ ಕೇಳಿದ್ದಕ್ಕೆ ಪ್ರಕೃತಿ ಏನು ಹೇಳುತ್ತದೆ ಗೊತ್ತೇ?" ಎಂದು ಮುಂದುವರಿಸಿ. ಅಷ್ಟಾದರೆ ನನ್ನ ಶ್ರಮ ಸಾರ್ಥಕ.